ಫೆಡರಲ್ ನ್ಯಾಯಾಲಯಕ್ಕೆ ವರ್ಗವಾದ ಮೊಕದ್ದಮೆ: ರಾಜ್ಯ ನ್ಯಾಯಾಲಯದ ಅಧಿಕಾರವ್ಯಾಪ್ತಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರಾಜ್ಯ ನ್ಯಾಯಾಲಯದಲ್ಲಿ ಹೂಡಿದ ದಾವೆಯನ್ನು ಪ್ರತಿವಾದಿ ಫೆಡರಲ್ ನ್ಯಾಯಾಲಯಕ್ಕೆ ಒಯ್ದ ಮೇಲೆ ಮೊದಲಿನ ನ್ಯಾಯಾಲಯಕ್ಕೆ ಉಳಿಯುವ ಅಧಿಕಾರ. ಭಾರತದಲ್ಲಿ ಸಿವಿಲ್ ದಾವೆಯ ವರ್ಗಾವಣೆಗೆ ಮೇಲಿನ ನ್ಯಾಯಾಲಯದ ಆದೇಶ ಬೇಕು. ಅಮೆರಿಕದಲ್ಲಿ ಪೂರ್ವಾನುಮತಿಯೇ ಬೇಡ. ದಾವೆಯ ಪ್ರತಿ ಜಾರಿಯಾದ 30 ದಿನಗಳೊಳಗೆ ಫೆಡರಲ್ ನ್ಯಾಯಾಲಯಕ್ಕೆ ನೋಟಿಸ್ ಸಲ್ಲಿಸಿ, ಎದುರು ಪಕ್ಷಕ್ಕೆ ತಿಳಿಸಿ, ರಾಜ್ಯ ನ್ಯಾಯಾಲಯದ ಕಚೇರಿಗೆ ಒಂದು ಪ್ರತಿ ಕೊಟ್ಟರೆ ಸಾಮಾನ್ಯವಾಗಿ ಸಾಕು. ಫೆಡರಲ್ ಸಂಹಿತೆಯ 28ನೇ ಶೀರ್ಷಿಕೆಯ 1446(ಡಿ) ಕಲಮಿನ ಪ್ರಕಾರ, ಮೊಕದ್ದಮೆ ಮರಳಿ ಬರುವವರೆಗೆ ರಾಜ್ಯ ನ್ಯಾಯಾಲಯ ವಿಚಾರಣೆ ಮುಂದುವರಿಸುವಂತಿಲ್ಲ.

ಈ ನಿಯಮ ಎಷ್ಟು ಬಿಗಿ ಎಂಬುದಕ್ಕೆ ಪೋರ್ಟೊರಿಕೊದ ಕ್ಯಾಥೊಲಿಕ್ ಶಾಲಾ ನೌಕರರ ಪಿಂಚಣಿ ವ್ಯಾಜ್ಯವೇ ಸಾಕ್ಷಿ. ಸಾನ್ ಹುವಾನ್ ಧರ್ಮಪ್ರಾಂತ್ಯ 2018ರ ಫೆಬ್ರವರಿಯಲ್ಲಿ ಅದನ್ನು ಫೆಡರಲ್ ನ್ಯಾಯಾಲಯಕ್ಕೆ ಒಯ್ದಿತ್ತು. ಹಾಗಿದ್ದೂ ಸ್ಥಳೀಯ ನ್ಯಾಯಾಲಯ ಮಾರ್ಚ್‌ನಲ್ಲಿ ಪಿಂಚಣಿ ಪಾವತಿಗೂ ಚರ್ಚಿನ ಆಸ್ತಿ ಜಪ್ತಿಗೂ ಆದೇಶಿಸಿತು. ಮೊಕದ್ದಮೆ ಹಿಂದಿರುಗಿದ್ದು ಆಗಸ್ಟ್‌ನಲ್ಲಿ. ಫೆಡರಲ್ ಜಿಲ್ಲಾ ನ್ಯಾಯಾಲಯ ಅದಕ್ಕೆ ಮಾರ್ಚ್ 13ರ ಪೂರ್ವಾನ್ವಯ ಕೊಟ್ಟು ಹುಳುಕು ಮುಚ್ಚಲು ನೋಡಿತು. ನಡೆಯದೇ ಇದ್ದದ್ದನ್ನು ಹಿಂದಿನ ತಾರೀಖು ಹಾಕಿ ನಡೆದಂತೆ ಮಾಡಲಾಗದು ಎಂದ ಸುಪ್ರೀಂ ಕೋರ್ಟು 2020ರಲ್ಲಿ ಆ ಆದೇಶಗಳಿಗೆ ಬಲವಿಲ್ಲವೆಂದಿತು. ಬಡ ನೌಕರರ ದೃಷ್ಟಿಯಿಂದ ಕಠೋರ, ಕಾನೂನಿನ ದೃಷ್ಟಿಯಿಂದ ನೇರ ತೀರ್ಪು.

ವರ್ಗಾವಣೆಗೆ ಮುಂಚೆ ಹೊರಟ ಆದೇಶಗಳ ಸಂಗತಿ ಬೇರೆ. ಫೆಡರಲ್ ನ್ಯಾಯಾಲಯ ರದ್ದುಪಡಿಸುವ ಅಥವಾ ಮಾರ್ಪಡಿಸುವ ತನಕ 1450ನೇ ಕಲಮು ಅವನ್ನು ಊರ್ಜಿತವಾಗಿ ಇಡುತ್ತದೆ. ತಾತ್ಕಾಲಿಕ ತಡೆಯಾಜ್ಞೆ ಮಾತ್ರ ರಾಜ್ಯದ ಕಾನೂನು ಕೊಟ್ಟ ಅವಧಿಯನ್ನು ಮೀರಿ ಬದುಕದು ಎಂದು ಸುಪ್ರೀಂ ಕೋರ್ಟಿನ 1974ರ ಗ್ರ್ಯಾನಿ ಗೂಸ್ ತೀರ್ಪು ಹೇಳಿದೆ. ಕ್ರಿಮಿನಲ್ ಪ್ರಕರಣಗಳಲ್ಲಿ ವಿಚಾರಣೆ ಮುಂದುವರಿಸಲು ತಡೆಯಿಲ್ಲ: ರಾಜ್ಯದಲ್ಲಿ ಅದು ಸಾಗಬಹುದು, ಆದರೆ ಪ್ರಕರಣ ಮರಳುವ ಮುನ್ನ ಶಿಕ್ಷೆಯ ತೀರ್ಪು ದಾಖಲಿಸುವಂತಿಲ್ಲ.