ಚಿಕಿತ್ಸೆಯ ಬೆಲೆ ಕಟ್ಟುವವರು ಯಾರು?

ಉಡುಪಿಯ ಇತಿಹಾಸದಲ್ಲಿ ಬ್ಯಾಂಕಿಗೂ ಆಸ್ಪತ್ರೆಗೂ ಹತ್ತಿರದ ನಂಟಿದೆ. 1906ರಲ್ಲಿ ಇಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಶನ್ ಸ್ಥಾಪಿಸಿದ ಹಾಜಿ ಅಬ್ದುಲ್ಲಾ ಸಾಹೇಬರೇ ಪೇಟೆಯ ಸರಕಾರಿ ಆಸ್ಪತ್ರೆಗೆ ಭೂಮಿ ದಾನ ಮಾಡಿದವರು. 1925ರಲ್ಲಿ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆ ಸೇರಿ ಸಿಂಡಿಕೇಟ್ ಬ್ಯಾಂಕಿಗೆ ಬುನಾದಿ ಹಾಕಿದ ಡಾ. ಟಿ.ಎಂ.ಎ. ಪೈಯವರು ವೃತ್ತಿಯಿಂದ ವೈದ್ಯರು. ದಿನಕ್ಕೆ ಎರಡಾಣೆ ಕೂಡಿಡುವ ಪಿಗ್ಮಿ ಠೇವಣಿ 1928ರಲ್ಲಿ ಆರಂಭವಾಯಿತು. ಈ ಇಬ್ಬರು ಕಟ್ಟಿದ ಬ್ಯಾಂಕುಗಳ ಹೆಸರು 2020ರ ಎಪ್ರಿಲ್ 1ರಂದು, ಒಂದೇ ದಿನ, ವಿಲೀನದಲ್ಲಿ ಮರೆಯಾಯಿತು. ಆಸ್ಪತ್ರೆಗಳು ಉಳಿದಿವೆ. ಅವುಗಳ ಖರ್ಚನ್ನು ಯಾರು ಭರಿಸಬೇಕೆಂಬ ಪ್ರಶ್ನೆಯೂ ಉಳಿದಿದೆ.

ಈ ಪ್ರಶ್ನೆಗೆ ನಮ್ಮ ಜಿಲ್ಲೆ ಮೂರು ಉತ್ತರಗಳನ್ನು ಕಂಡಿದೆ. ಮೊದಲನೆಯದು ದಾನ. ಹಾಜಿಯವರ ಭೂಮಿಯೂ, ಬಾಸೆಲ್ ಮಿಶನ್ 1923ರಲ್ಲಿ ಆರಂಭಿಸಿದ, ಡಾ. ಇವಾ ಲೊಂಬಾರ್ಡ್ ಸೇವೆ ಸಲ್ಲಿಸಿದ ಮಿಶನ್ ಆಸ್ಪತ್ರೆಯೂ ಈ ದಾರಿಯವು. ಎರಡನೆಯದು ಶುಲ್ಕ. 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದಾಗ ವಿದ್ಯಾರ್ಥಿಗಳ ವಂತಿಗೆಯೇ ಅದರ ಮುಖ್ಯ ಆಧಾರವಾಗಿತ್ತು. 1961ರಲ್ಲಿ ಕಸ್ತೂರ್ಬಾ ಆಸ್ಪತ್ರೆ ಬಂತು. ಕಾರ್ಕಳದ ಡಾ. ಟಿ.ಎಂ.ಎ. ಪೈ ರೋಟರಿ ಆಸ್ಪತ್ರೆ ಇದೇ ಪರಂಪರೆಯದು. ಮೂರನೆಯದು ತೆರಿಗೆ. ಹಣ ಕೊಡಲಾಗದ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂದು ಭೋರ್ ಸಮಿತಿ 1946ರಲ್ಲೇ ವರದಿ ನೀಡಿತ್ತು.

ದಾನದ ದಾರಿ ಮುಸ್ಲಿಮರಿಗೆ ಅಪರಿಚಿತವಲ್ಲ. ಸುಲ್ತಾನ್ ಖಲಾವೂನ್ ಕೈರೋದಲ್ಲಿ 1284ರ ಸುಮಾರಿಗೆ ಕಟ್ಟಿಸಿದ ಮನ್ಸೂರಿ ಆಸ್ಪತ್ರೆ ಬಡವ-ಬಲ್ಲಿದರೆನ್ನದೆ ಚಿಕಿತ್ಸೆ ನೀಡುತ್ತಿತ್ತು. ಆದರೆ ಇಲ್ಲೊಂದು ಅಂಶವನ್ನು ಗಮನಿಸಬೇಕು. ಅದು ಸುಲ್ತಾನನ ದಿನದಿನದ ಔದಾರ್ಯದ ಮೇಲೆ ನಿಂತಿರಲಿಲ್ಲ. ವಕ್ಫ್ ಆಸ್ತಿಗಳ ಆದಾಯ ಅದಕ್ಕೆ ಮೀಸಲಾಗಿತ್ತು. ದಾನಿ ತೀರಿಹೋದರೂ ಔಷಧಿ ನಿಲ್ಲಬಾರದೆಂಬುದೇ ಆ ವ್ಯವಸ್ಥೆಯ ತಿರುಳು.

ಶುಲ್ಕದ ದಾರಿ ಬೆಳೆದಂತೆ ರೋಗಿ ಗ್ರಾಹಕನೂ ಆದ. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲವೆಂದು ಭಾರತೀಯ ವೈದ್ಯಕೀಯ ಸಂಘ, ಅಂದರೆ ಐಎಂಎ, ಸುಪ್ರೀಂ ಕೋರ್ಟಿನಲ್ಲಿ ವಾದಿಸಿತು. 1995ರ ತೀರ್ಪು ಅದನ್ನು ಒಪ್ಪಲಿಲ್ಲ. ಹಣ ಪಡೆದು ನೀಡುವ ಚಿಕಿತ್ಸೆ ಆ ಕಾನೂನಿಗೆ ಒಳಪಟ್ಟಿತು. ಕರ್ನಾಟಕದಲ್ಲಿ 2007ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಬಂತು.

ದೊಡ್ಡ ಸಂಘರ್ಷ ನಡೆದದ್ದು 2017ರಲ್ಲಿ. ಆರೋಗ್ಯ ಸಚಿವರಾಗಿದ್ದ ರಮೇಶ್ ಕುಮಾರ್ ತಂದ ತಿದ್ದುಪಡಿ ಮಸೂದೆ ಖಾಸಗಿ ಆಸ್ಪತ್ರೆಗಳ ದರವನ್ನು ಸರಕಾರವೇ ನಿಗದಿ ಮಾಡಬೇಕು, ಉಲ್ಲಂಘಿಸಿದರೆ ಜೈಲು ಶಿಕ್ಷೆಯಾಗಬೇಕು ಎಂದಿತು. ನವೆಂಬರಿನಲ್ಲಿ ವೈದ್ಯರು ಬೆಳಗಾವಿ ಅಧಿವೇಶನದ ಎದುರು ಧರಣಿ ಕುಳಿತರು. ರಾಜ್ಯಾದ್ಯಂತ ಹೊರರೋಗಿ ವಿಭಾಗಗಳು ಮುಚ್ಚಿದವು. ಚಿಕಿತ್ಸೆ ಸಿಗದೆ ಸಾವುಗಳಾದ ವರದಿಗಳು ಬಂದವು. ಹೈಕೋರ್ಟ್ ಮಧ್ಯಪ್ರವೇಶಿಸಿತು.

ವೈದ್ಯರ ವಾದವನ್ನು ಸಾರಾಸಗಟಾಗಿ ತಳ್ಳಿಹಾಕುವಂತಿರಲಿಲ್ಲ. ಕಾನೂನು ಸರಕಾರಿ ಆಸ್ಪತ್ರೆಗಳಿಗೇಕೆ ಅನ್ವಯಿಸುವುದಿಲ್ಲ ಎಂದು ಅವರು ಕೇಳಿದರು. ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿಯೂ ಅವುಗಳನ್ನು ಸೇರಿಸಬೇಕೆಂದೇ ಹೇಳಿತ್ತು. ಸಣ್ಣ ಊರಿನ ನರ್ಸಿಂಗ್ ಹೋಮಿಗೂ ನಗರದ ಕಾರ್ಪೊರೇಟ್ ಆಸ್ಪತ್ರೆಗೂ ಒಂದೇ ಅಳತೆಗೋಲು ಸರಿಯೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಕೊನೆಗೆ ಅಂಗೀಕಾರವಾದ ಕಾನೂನಿನಲ್ಲಿ ಜೈಲು ಶಿಕ್ಷೆ ಉಳಿಯಲಿಲ್ಲ. ತುರ್ತು ಚಿಕಿತ್ಸೆಗೆ ಮುಂಗಡ ಕೇಳಬಾರದು, ಬಿಲ್ ಬಾಕಿಗಾಗಿ ಶವ ತಡೆಹಿಡಿಯಬಾರದು ಎಂಬ ನಿಯಮಗಳು ಉಳಿದವು. ದರ ನಿಗದಿಯಾದರೋ ಸರಕಾರಿ ಯೋಜನೆಗಳಡಿಯ ಚಿಕಿತ್ಸೆಗೆ ಮಾತ್ರ ಸೀಮಿತವಾಯಿತು. ಕೈಯಿಂದ ಹಣ ಕೊಡುವ ರೋಗಿ ಹೊರಗುಳಿದ. ಸರಕಾರ ಮತ್ತು ವೈದ್ಯರ ಸಂಘ ಕುಳಿತ ಮೇಜಿನಲ್ಲಿ ಅವನಿಗೆ ಕುರ್ಚಿಯಿರಲಿಲ್ಲ.

ಅದೇ ನವೆಂಬರಿನಲ್ಲಿ ಉಡುಪಿಯಲ್ಲಿ ಇನ್ನೊಂದು ಪ್ರಯೋಗ ಆರಂಭವಾಯಿತು. ಕಾಪುವಿನಲ್ಲಿ ಹುಟ್ಟಿ ಗಲ್ಫ್‌ನಲ್ಲಿ ಆಸ್ಪತ್ರೆ ಉದ್ಯಮ ಬೆಳೆಸಿದ ಬಿ.ಆರ್. ಶೆಟ್ಟಿಯವರ ಸಂಸ್ಥೆಯೊಡನೆ ಸರಕಾರ ಒಪ್ಪಂದ ಮಾಡಿಕೊಂಡಿತ್ತು. ಸರಕಾರಿ ಜಾಗದಲ್ಲಿ 200 ಹಾಸಿಗೆಗಳ ಉಚಿತ ತಾಯಿ-ಮಕ್ಕಳ ಆಸ್ಪತ್ರೆಯನ್ನು ಆ ಸಂಸ್ಥೆ ಕಟ್ಟಿ ನಡೆಸಬೇಕು, ಪ್ರತಿಯಾಗಿ ಅಲ್ಲಿಯೇ ಖಾಸಗಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗೆ ಅವಕಾಶ. ದಾನದ ಭೂಮಿ ಖಾಸಗಿಯವರಿಗೇಕೆ ಎಂಬ ಪ್ರತಿಭಟನೆ ಆಗಲೇ ಕೇಳಿಬಂದಿತ್ತು. ಶೆಟ್ಟಿಯವರ ತಾಯಿಯ ಹೆಸರಿನ ಜೊತೆ ಹಾಜಿ ಅಬ್ದುಲ್ಲಾರ ಹೆಸರನ್ನೂ ಹೊತ್ತ ಆಸ್ಪತ್ರೆ ಬಾಗಿಲು ತೆರೆಯಿತು. ಬಡ ಬಾಣಂತಿಯರಿಗೆ ಅದು ನಿಜಕ್ಕೂ ನೆರವಾಯಿತು. ಆದರೆ 2020ರಲ್ಲಿ ಉದ್ಯಮಿಯ ಗಲ್ಫ್ ಸಾಮ್ರಾಜ್ಯ ಕುಸಿದಾಗ ಅದರ ಪೆಟ್ಟು ಇಲ್ಲಿಗೂ ತಟ್ಟಿತು. ಸಂಬಳವಿಲ್ಲದ ಸಿಬ್ಬಂದಿ ಮುಷ್ಕರಕ್ಕಿಳಿದರು. 2022ರಲ್ಲಿ ಸರಕಾರವೇ ಆಸ್ಪತ್ರೆಯನ್ನು ವಹಿಸಿಕೊಳ್ಳಬೇಕಾಯಿತು.

ವಿಮೆಯ ದಾರಿಯನ್ನೂ ನಾವು ಕಂಡಿದ್ದೇವೆ. 2003ರಲ್ಲಿ ಜಾರಿಯಾದ ಯಶಸ್ವಿನಿ, ತಿಂಗಳಿಗೆ ಐದು ರೂಪಾಯಿಯಂತೆ ಸಹಕಾರ ಸಂಘಗಳ ರೈತ ಸದಸ್ಯರಿಗೆ ಶಸ್ತ್ರಚಿಕಿತ್ಸೆಯ ಭರವಸೆ ನೀಡಿತು. 2018ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆಯನ್ನು ಒದಗಿಸಿತು. ಎಪಿಎಲ್ ಕುಟುಂಬಕ್ಕೆ ಸಿಗುವುದು ಪ್ಯಾಕೇಜ್ ದರದ ಶೇ. 30 ಮಾತ್ರ. ಬಡತನದ ಗೆರೆಯಿಂದ ಒಂದು ಗೇಣು ಮೇಲಿರುವ ಕಾಪುವಿನ ಮೀನುಗಾರ, ಕಾರ್ಕಳದ ಸಣ್ಣ ಅಂಗಡಿಯವನು ಒಡವೆ ಅಡವಿಡುವುದು ಇಂತಹ ಕಾರಣಕ್ಕೇ. ಅತ್ತ, ಸರಕಾರ ಕೊಡುವ ಪ್ಯಾಕೇಜ್ ದರ ಸಾಲದೆಂದು ಆಸ್ಪತ್ರೆಗಳು ದೂರುತ್ತಲೇ ಬಂದಿವೆ.

ಹಾಗಾದರೆ ನಿಜವಾದ ಖರ್ಚೆಷ್ಟು? ಆಸ್ಪತ್ರೆಗಳು ಲೆಕ್ಕವನ್ನು ಸಾರ್ವಜನಿಕವಾಗಿ ತೆರೆದಿಟ್ಟರೆ ಮಾತ್ರ ಈ ವಾದ ಮುಗಿದೀತು. ಆರೋಗ್ಯಕ್ಕೆ ಒಟ್ಟು ಉತ್ಪನ್ನದ ಶೇ. 2.5ರಷ್ಟು ಸರಕಾರಿ ವೆಚ್ಚವಾಗಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿಯೇ ಗುರಿಯಿಟ್ಟಿತ್ತು. ಒಂದು ಮಸೂದೆಯ ವಿರುದ್ಧ ಇಡೀ ರಾಜ್ಯದ ವೈದ್ಯರನ್ನು ಬೀದಿಗಿಳಿಸಬಲ್ಲ ಸಂಘ ಈ ಗುರಿಗಾಗಿ ಅದೇ ಒಗ್ಗಟ್ಟು ತೋರಿದರೆ ಜನರೂ ಅದರ ಬೆನ್ನಿಗೆ ನಿಲ್ಲುತ್ತಾರೆ.

ದಾನ ದೊಡ್ಡದು. ಹಾಜಿ ಅಬ್ದುಲ್ಲಾರ ಭೂಮಿಯಿಲ್ಲದೆ ಆ ಆಸ್ಪತ್ರೆಯಿಲ್ಲ. ಆದರೆ ಒಬ್ಬರ ಜೇಬು ಬರಿದಾದಾಗ ಇನ್ನೊಬ್ಬಳ ಹೆರಿಗೆ ಅತಂತ್ರವಾಗಬಾರದು. ಹಿರಿಯರು ಭೂಮಿಯನ್ನು ಕೊಟ್ಟುಹೋದರು. ಅದರ ಮೇಲೆ ನಿಂತ ಆಸ್ಪತ್ರೆಗೆ ಶಾಶ್ವತ ಆದಾಯ ಒದಗಿಸುವ, ಬೆಲೆ ಕಟ್ಟುವ ಮೇಜಿನಲ್ಲಿ ರೋಗಿಗೂ ಒಂದು ಕುರ್ಚಿ ಹಾಕುವ ಹೊಣೆ ನಮ್ಮೆಲ್ಲರದು.