ಮುಚ್ಚಳಿಕೆಯ ಅವಧಿ ಮುಗಿದ ಮೇಲೆ

ನ್ಯಾಯಾಲಯವು ಕರುಣೆ ತೋರಿ ಸೆರೆವಾಸವನ್ನು ತಪ್ಪಿಸಿದರೂ, ಅಪರಾಧಿಯೆಂಬ ಹೆಸರು ಮನುಷ್ಯನನ್ನು ಸುಲಭವಾಗಿ ಬಿಟ್ಟುಹೋಗುವುದಿಲ್ಲ. ಈ ಕಳಂಕವನ್ನು ತೊಡೆಯುವ ದಾರಿಯಲ್ಲಿ ಭಾರತದ ಕಾಯಿದೆ ಎಷ್ಟು ದೂರ ನಡೆದಿದೆ, ಎಲ್ಲಿ ನಿಂತಿದೆ ಎಂಬುದು ವಿಚಾರಾರ್ಹವಾಗಿದೆ.

1898ರ ದಂಡ ಪ್ರಕ್ರಿಯಾ ಸಂಹಿತೆಯ 562ನೆಯ ಕಲಮು, ಮೊದಲ ಸಲ ತಪ್ಪಿದವನಿಂದ ಸನ್ನಡತೆಯ ಮುಚ್ಚಳಿಕೆ ಬರೆಯಿಸಿಕೊಂಡು ಅವನನ್ನು ಬಿಡಲು ಅವಕಾಶವಿತ್ತಿತು. 1923ರ ತಿದ್ದುಪಡಿ ಅದರ ವ್ಯಾಪ್ತಿಯನ್ನು ಹಿಗ್ಗಿಸಿತು. ಅಂದು ಹಲವು ಕನ್ನಡ ಜಿಲ್ಲೆಗಳನ್ನು ಒಳಗೊಂಡಿದ್ದ ಮದರಾಸು ಮತ್ತು ಮುಂಬಯಿ ಪ್ರಾಂತಗಳು ಕ್ರಮವಾಗಿ 1936 ಮತ್ತು 1938ರ ಪ್ರೊಬೇಷನ್ ಕಾಯಿದೆಗಳನ್ನು ಪಡೆದವು.

ಇಡೀ ದೇಶವನ್ನು ಲಕ್ಷಿಸಿ 1958ರಲ್ಲಿ ಸಂಸತ್ತು ರಚಿಸಿದ ಅಪರಾಧಿಗಳ ಪ್ರೊಬೇಷನ್ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಅದರ 3ನೆಯ ಕಲಮಿನಂತೆ ಎಚ್ಚರಿಕೆ ಕೊಟ್ಟು, 4ನೆಯದರಂತೆ ಮೂರು ವರ್ಷ ಮೀರದ ಮುಚ್ಚಳಿಕೆ ಪಡೆದು ಬಿಡುಗಡೆ ಮಾಡಬಹುದು. ಹೀಗೆ ಬಿಡುಗಡೆಯಾದವನಿಗೆ ಅಪರಾಧ ನಿರ್ಣಯದಿಂದ ಅಂಟುವ ಅನರ್ಹತೆ ತಟ್ಟಬಾರದೆಂದು 12ನೆಯ ಕಲಮು ವಿಧಿಸಿತು. ಮುಚ್ಚಳಿಕೆಯನ್ನು ಮುರಿದು ಮೂಲ ಅಪರಾಧಕ್ಕೇ ಮುಂದೆ ಶಿಕ್ಷೆ ಹೊಂದಿದವನಿಗೆ ಮಾತ್ರ ಈ ರಕ್ಷಣೆಯಿಲ್ಲ.

ಮೇಲ್ನೋಟಕ್ಕೆ ಇದು ಸಂಪೂರ್ಣ ಕ್ಷಮೆಯಂತೆ ತೋರುತ್ತದೆ. ಆದರೆ ಅನರ್ಹತೆ ಬೇರೆ, ಅಪರಾಧ ನಿರ್ಣಯ ಬೇರೆ. ರೈಲ್ವೆ ನೌಕರರ ಪ್ರಕರಣವೊಂದರಲ್ಲಿ 1975ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಭೇದವನ್ನು ಸ್ಪಷ್ಟಪಡಿಸಿತು: ಚುನಾವಣೆಯಂಥ ವಿಷಯಗಳಲ್ಲಿ ಅನ್ಯ ಕಾಯಿದೆಗಳು ಒಡ್ಡುವ ಅಡ್ಡಿಯನ್ನಷ್ಟೇ 12ನೆಯ ಕಲಮು ನಿವಾರಿಸುತ್ತದೆ, ನಿರ್ಣಯವನ್ನು ಅಳಿಸುವುದಿಲ್ಲ. ನೈತಿಕ ಅಧಃಪತನವುಳ್ಳ ಅಪರಾಧಕ್ಕೆ ಗುರಿಯಾದವನನ್ನು ಬ್ಯಾಂಕುಗಳು ಕೆಲಸದಲ್ಲಿರಿಸಿಕೊಳ್ಳಬಾರದೆಂದು 1949ರ ಬ್ಯಾಂಕಿಂಗ್ ಕಾಯಿದೆಯ 10ನೆಯ ಕಲಮು ಹೇಳುತ್ತದೆ. ಪ್ರೊಬೇಷನ್ ಪಡೆದಿದ್ದ ಬ್ಯಾಂಕ್ ನೌಕರನೊಬ್ಬನ ವಜಾವನ್ನು 2010ರಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಸೆರೆಮನೆಯ ಬಾಗಿಲು ಮುಚ್ಚಿದ್ದರೂ ಉದ್ಯೋಗದ ಬಾಗಿಲು ತೆರೆಯಲಿಲ್ಲ.

ಬಾಲಕರ ವಿಷಯದಲ್ಲಿ ಶಾಸನವು ಹೆಚ್ಚು ಉದಾರವಾಗಿದೆ. 2015ರ ಬಾಲನ್ಯಾಯ ಕಾಯಿದೆಯ 24ನೆಯ ಕಲಮು ಅನರ್ಹತೆಯನ್ನು ತೆಗೆಯುವುದಲ್ಲದೆ, ಮೇಲ್ಮನವಿಯ ಅವಧಿ ಕಳೆದ ಬಳಿಕ ದಾಖಲೆಗಳನ್ನೇ ನಾಶಗೊಳಿಸಲು ಆದೇಶಿಸುತ್ತದೆ; ಹದಿನಾರು ಮೀರಿದವರ ಘೋರ ಅಪರಾಧಗಳಿಗಷ್ಟೇ ಇದರಲ್ಲಿ ವಿನಾಯಿತಿಯುಂಟು. ವಯಸ್ಕನಿಗೆ 1958ರ ಕಾಯಿದೆಯಲ್ಲಿ ಇಂಥ ವಿಧಿಯಿಲ್ಲ.

ಸಾರ್ವಜನಿಕ ವಿಶ್ವಾಸದ ಸ್ಥಾನಗಳಿಗೆ ಹಿಂದಿನ ನಡತೆಯನ್ನು ವಿಚಾರಿಸುವುದು ನ್ಯಾಯವೇ. ಆದರೆ ವರ್ಷಗಟ್ಟಲೆ ನ್ಯಾಯಾಲಯದ ಷರತ್ತನ್ನು ಪಾಲಿಸಿದವನ ಸನ್ನಡತೆಗೂ ಆ ದಾಖಲೆಯಲ್ಲಿ ಒಂದು ಬೆಲೆಯಿರಬೇಕು. ಮನುಷ್ಯನು ತಿದ್ದಿಕೊಳ್ಳಬಲ್ಲನೆಂಬ ನಂಬಿಕೆಯಿಂದ ಹುಟ್ಟಿದ ಕಾಯಿದೆ, ಅವನು ತಿದ್ದಿಕೊಂಡ ಮೇಲೆ ಮೌನ ವಹಿಸಿದರೆ, ಆ ನಂಬಿಕೆ ಅರ್ಧಕ್ಕೇ ನಿಂತಂತಾಗುತ್ತದೆ.