ಗೇರು ಗುಡ್ಡೆಯ ಕಣಜಕ್ಕೆ ಹೆಸರು ಸಿಕ್ಕ ಕತೆ

ಗೇರು ಚಿಗುರಿ ಹೂ ಬಿಡುವ ಹೊತ್ತಿಗೆ ಪುತ್ತೂರು, ಸುಳ್ಯ, ಕಡಬದ ಕೃಷಿಕರಿಗೆ ಟೀ ಸೊಳ್ಳೆಯ ಚಿಂತೆ ಶುರು. ಹೆಸರಿಗೆ ಸೊಳ್ಳೆ, ಅಸಲಿಗೆ ಇದು ತಿಗಣೆಯ ಬಳಗದ ಕೀಟ. ಇದು ರಸ ಹೀರಿದ ಚಿಗುರು, ಹೂಗೊಂಚಲು ಸುಟ್ಟಂತೆ ಕಪ್ಪಾಗಿ ಒಣಗುತ್ತವೆ.

ಇದನ್ನು ಕೊಲ್ಲಲೆಂದೇ ನಮ್ಮ ಜಿಲ್ಲೆಯ ಸರಕಾರಿ ಗೇರು ತೋಟಗಳ ಮೇಲೆ 1980ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದರು. ಕಡಬ ಆಗಿನ್ನೂ ತಾಲೂಕು ಆಗಿರಲಿಲ್ಲ. ಆ ಮದ್ದಿನ ಬೆಲೆಯನ್ನು ಕೊಯಿಲ, ಕೊಕ್ಕಡದ ಎಷ್ಟೋ ಮನೆಗಳು ಇಂದಿಗೂ ತೆರುತ್ತಿವೆ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಅದರ ತಯಾರಿ, ಮಾರಾಟ, ಬಳಕೆಯನ್ನು ದೇಶದಾದ್ಯಂತ ತಡೆಯಿತು.

ಆದರೆ ಟೀ ಸೊಳ್ಳೆಗೆ ಗುಡ್ಡೆಯಲ್ಲೇ ಒಬ್ಬ ಶತ್ರು ಇದ್ದ. ಟೀ ಸೊಳ್ಳೆ ಎಳೆ ಚಿಗುರಿನೊಳಗೆ ಮೊಟ್ಟೆ ಚುಚ್ಚಿಡುತ್ತದೆ. ಹೊರಗೆ ಕಾಣುವುದು ಎರಡು ಸಣ್ಣ ಎಳೆ ಮಾತ್ರ. ಸುಮಾರು ಒಂದು ಮಿಲಿಮೀಟರಿನ ಕಪ್ಪು ಕಣಜವೊಂದು ಆ ಮೊಟ್ಟೆಯನ್ನು ಹುಡುಕಿ, ಅದರೊಳಗೆ ತನ್ನ ಮೊಟ್ಟೆ ಇಡುತ್ತದೆ. ಕಣಜದ ಮರಿ ಒಳಗಿನದನ್ನು ತಿಂದು ಬೆಳೆಯುತ್ತದೆ. ಟೀ ಸೊಳ್ಳೆಯ ಬದಲು ಕಣಜ ಹೊರಗೆ ಬರುತ್ತದೆ.

ಪುತ್ತೂರಿನಲ್ಲಿ 1986ರಲ್ಲಿ ಶುರುವಾದ ಗೇರು ಸಂಶೋಧನಾ ಕೇಂದ್ರದವರು 1990ರ ದಶಕದಲ್ಲೇ ಈ ಕಣಜವನ್ನು ಗಮನಿಸಿದ್ದರು. ಆದರೆ ವರದಿಗಳಲ್ಲಿ ಅದು 'ಟೆಲಿನೋಮಸ್ ಕುಲದ ಒಂದು ಜಾತಿ', ಅಷ್ಟೇ. ಮನೆತನ ಗೊತ್ತು, ಹೆಸರು ಗೊತ್ತಿಲ್ಲ. ಈ ಕುಲದ ಕಣಜಗಳು ನೋಡಲು ಒಂದೇ ಥರ, ಗುರುತು ಹಿಡಿಯುವುದು ಪರಿಣತರಿಗೂ ಕಷ್ಟ.

2003ರಲ್ಲಿ ಕೆನಡಾದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು ಒಂದು ದಾರಿ ತೋರಿಸಿದರು. ಅಂಗಡಿಯ ಪೊಟ್ಟಣದ ಮೇಲಿನ ಬಾರ್‌ಕೋಡ್ ಇದ್ದ ಹಾಗೆ, ಪ್ರತಿ ಜೀವಿಯ ಡಿಎನ್‌ಎಯಲ್ಲೂ ಗುರುತಿಗೆ ಸಿಗುವ ಒಂದು ತುಂಡು ಇದೆ. ಸಿಒಐ ಎಂಬ ಜೀನಿನ ಸುಮಾರು 650 'ಅಕ್ಷರ'ಗಳನ್ನು ಓದಿ, ಬೇರೆ ಜೀವಿಗಳದ್ದರ ಜತೆ ಹೋಲಿಸುತ್ತಾರೆ. ಇದಕ್ಕೆ ಕೀಟದ ಒಂದು ಕಾಲು ಸಾಕಾಗುವುದೂ ಉಂಟು.

2013ರಲ್ಲಿ ಕೋಝಿಕ್ಕೋಡಿನ ಕಣಜ ತಜ್ಞೆ ಕೆ. ರಾಜಮೋಹನ, ಪುತ್ತೂರಿನ ಗೇರು ವಿಜ್ಞಾನಿಗಳು ಮತ್ತು ಬೆಂಗಳೂರಿನ ಕೀಟ ವಿಜ್ಞಾನಿ ಸೇರಿ ನಮ್ಮ ಕಣಜವನ್ನು ಹೊಸ ಜಾತಿ ಎಂದು ಪ್ರಕಟಿಸಿದರು. ಹೆಸರು ಟೆಲಿನೋಮಸ್ ಕಸ್ಪಿಸ್. ದೇಹದ ಲಕ್ಷಣಗಳ ವಿವರಣೆಯ ಜತೆಗೆ ಅದರ ಡಿಎನ್‌ಎ ಗುರುತನ್ನೂ ದಾಖಲಿಸಿದರು.

ಹೆಸರು ಸಿಕ್ಕಿದರೆ ಕೃಷಿಕನಿಗೇನು ಲಾಭ? ಹೆಸರಿದ್ದರೆ ಲೆಕ್ಕ ಇಡಬಹುದು: ಯಾವ ತೋಟದಲ್ಲಿ ಈ ಕಣಜ ಇದೆ, ಯಾವ ಮದ್ದಿಗೆ ಸಾಯುತ್ತದೆ, ಸಾಕಿ ಬೆಳೆಸಬಹುದೇ ಎಂದು ನೋಡಬಹುದು. ಕಣಜವೊಂದೇ ಟೀ ಸೊಳ್ಳೆಯನ್ನು ಮುಗಿಸುತ್ತದೆ ಎಂದು ನಾವು ಹೇಳುತ್ತಿಲ್ಲ. ಹೆಲಿಕಾಪ್ಟರಿನ ಕಾಲದಲ್ಲಿ ಗುಡ್ಡೆಯಲ್ಲಿ ಯಾರ್‍ಯಾರು ಇದ್ದಾರೆ ಎಂದು ನೋಡದೆ ಎಲ್ಲರ ಮೇಲೂ ವಿಷ ಸುರಿದರು. ಈಗ ಪಂಪ್ ನಮ್ಮ ಕೈಯಲ್ಲೇ ಇದೆ. ಕೀಟ ಇದೆಯೇ, ಎಷ್ಟಿದೆ ಎಂದು ಚಿಗುರು ನೋಡಿ, ಅಗತ್ಯ ಬಿದ್ದರೆ ಮಾತ್ರ ಮದ್ದು ಬಿಡೋಣ. ಆ ಚಿಗುರಿನೊಳಗೆ ನಮ್ಮ ಕಡೆಯವರೂ ಇರಬಹುದು.